ಮೊದಲು ಹಿಡಿತ, ಆಮೇಲೆ ಹೊಡೆತ

ಹೊಸ ಶೆಡ್ಡಿಗೆ ಕರೆಂಟ್ ಬಂತು, ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತೇನೆ ಅಂದೆಯಲ್ಲ, ಹೊರಡುವ ಮುಂಚೆ ನಾಲ್ಕು ಮಾತು ಕೇಳಿಕೊಂಡು ಹೋಗು. ನಿನ್ನ ಪಟ್ಟಿ ನೋಡಿದೆ. ದೊಡ್ಡ ವೆಲ್ಡಿಂಗ್ ಮೆಷಿನ್, ಏಳಿಂಚಿನ ಗ್ರೈಂಡರ್, ಹದಿನಾಲ್ಕಿಂಚಿನ ಕಟಾಫ್, ಇಂಪ್ಯಾಕ್ಟ್ ರೆಂಚ್, ಕಂಪ್ರೆಸರ್. ಎಲ್ಲವೂ ಕೊಯ್ಯುವ, ಸುಡುವ, ಬಡಿಯುವ ಸಾಮಾನೇ. ಹಿಡಿಯುವ ಸಾಮಾನು ಒಂದೂ ಇಲ್ಲ. ಒಂದು ವೈಸ್ ಕೂಡ ಬರೆದಿಲ್ಲ ನೀನು.

ನಿನ್ನಲ್ಲಿಗೆ ಬರುವುದು ಗೇಟು, ಗ್ರಿಲ್ಲು, ಟ್ರೈಲರ್ ರಿಪೇರಿ, ಆಗೊಮ್ಮೆ ಈಗೊಮ್ಮೆ ಯಾರದೋ ಕಾರಿನ ಮುರಿದ ಬ್ರಾಕೆಟ್ಟು. ಇಂಥ ಕೆಲಸದಲ್ಲಿ ಹೊತ್ತು ಹೋಗುವುದು ಕತ್ತರಿಸುವುದರಲ್ಲಲ್ಲ. ಅಲುಗಾಡುವ ಪೀಸನ್ನು ಕಾಲಲ್ಲಿ ಒತ್ತಿಕೊಂಡು, ಹುಡುಗನಿಗೆ ‘ಗಟ್ಟಿಯಾಗಿ ಹಿಡಿಯೋ’ ಎಂದು ಕೂಗಿ, ಟ್ಯಾಕ್ ಹಾಕಿ, ಓರೆಯಾಯಿತೆಂದು ಒಡೆದು, ಮತ್ತೆ ಟ್ಯಾಕ್ ಹಾಕುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಬೆರಳು ಸುಡುವುದೂ, ಸೊಂಟ ಹಿಡಿಯುವುದೂ ಅಲ್ಲೇ. ಅದಕ್ಕೇ ಹೇಳುತ್ತಿದ್ದೇನೆ: ದುಡ್ಡಿನ ಮೊದಲ ಪಾಲು ಹಿಡಿಯುವ ಸಾಮಾನಿಗೆ, ಎರಡನೆಯದು ಅಳೆಯುವ ಸಾಮಾನಿಗೆ, ಉಳಿದದ್ದು ಮೆಷಿನ್ನಿಗೆ.

ಆರಿಂಚಿನ ಗಟ್ಟಿಮುಟ್ಟಾದ ಒಂದು ವೈಸ್ ತಗೋ. ಬೆಂಚಿನ ಕಾಲಿನ ಮೇಲೆ ನೇರ ಭಾರ ಬೀಳುವಂತೆ ಮೂಲೆಯಲ್ಲಿ ಬೋಲ್ಟ್ ಹಾಕಿ ಕೂರಿಸು. ನೀನು ನೆಟ್ಟಗೆ ನಿಂತಾಗ ವೈಸಿನ ದವಡೆಯ ಮೇಲ್ಭಾಗ ನಿನ್ನ ಮೊಣಕೈ ಮಟ್ಟಕ್ಕೆ ಬರಬೇಕು. ಅದಕ್ಕಿಂತ ತಗ್ಗಾದರೆ ಅರ ಹಾಕುವಾಗ ಬಗ್ಗಿ ಬಗ್ಗಿ ಬೆನ್ನು ಕೆಡುತ್ತದೆ, ಎತ್ತರವಾದರೆ ತೋಳು ಸೋಲುತ್ತದೆ. ಎರಡು ತುಂಡು ಅಲ್ಯುಮಿನಿಯಂ ಆಂಗಲ್ಲನ್ನು ದವಡೆಗೆ ಹೊದಿಸಿಟ್ಟುಕೊಂಡರೆ ಥ್ರೆಡ್ಡಿಗೂ ಪಾಲಿಷ್ ಮಾಡಿದ ಶಾಫ್ಟಿಗೂ ಗಾಯವಾಗುವುದಿಲ್ಲ.

ವೈಸ್ ಆದ ಮೇಲೆ ಗ್ರಿಪ್ ಪ್ಲೈಯರ್. ಇದು ನನಗೆ ಬಹಳ ಇಷ್ಟದ ಸಾಮಾನು. ಅಮೆರಿಕದ ನೆಬ್ರಾಸ್ಕ ರಾಜ್ಯದ ಡಿವಿಟ್ ಎಂಬ ಸಣ್ಣ ಊರಿನಲ್ಲಿ ಕುಲುಮೆ ಇಟ್ಟಿದ್ದ ವಿಲಿಯಂ ಪೀಟರ್ಸನ್ ಎಂಬ ಕಮ್ಮಾರ ಇದನ್ನು ಕಂಡುಹಿಡಿದವನು. 1921ರಲ್ಲಿ ಮೊದಲ ಪೇಟೆಂಟ್ ಪಡೆದ, 1924ರಲ್ಲಿ ಹಿಡಿಕೆಯನ್ನು ಒತ್ತಿದರೆ ಲಾಕ್ ಆಗಿ ನಿಲ್ಲುವಂತೆ ಮಾಡಿದ. ಕೈ ಬಿಟ್ಟರೂ ಅದು ಬಿಡುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ. ತಲೆ ಸವೆದ ಬೋಲ್ಟಿಗೆ ಅದೇ ಸ್ಪ್ಯಾನರ್, ಎರಡು ಪಟ್ಟಿ ಸೇರಿಸಿ ರಂಧ್ರ ಕೊರೆಯುವಾಗ ಅದೇ ಕ್ಲ್ಯಾಂಪ್. ಒಂದು ಸಾಲದು, ಬೇರೆ ಬೇರೆ ಬಾಯಿಯವು ನಾಲ್ಕಾದರೂ ಇರಲಿ. ಇದರ ಜೊತೆ ಸಿ-ಕ್ಲ್ಯಾಂಪುಗಳನ್ನು ಕೈಗೆ ಸಿಕ್ಕಷ್ಟು ಕೊಂಡುಕೋ. ಸ್ಕ್ರೂಗೆ ತಾಮ್ರದ ಲೇಪವಿರುವ ಕ್ಲ್ಯಾಂಪ್ ಸಿಕ್ಕರೆ ವೆಲ್ಡಿಂಗಿಗೆ ಅದೇ ಇರಲಿ, ಕಿಡಿಯ ಹನಿಗಳು ಥ್ರೆಡ್ಡಿಗೆ ಅಂಟುವುದಿಲ್ಲ.

ಬಾಣದ ಆಕಾರದ ವೆಲ್ಡಿಂಗ್ ಮ್ಯಾಗ್ನೆಟ್ಟನ್ನು ಎಲ್ಲರೂ ಹೊಗಳುತ್ತಾರೆ. ತಗೋ, ಬೇಡ ಅನ್ನುವುದಿಲ್ಲ. ಆದರೆ ಅದು ಹೇಳಿದ್ದೇ 90 ಡಿಗ್ರಿ ಎಂದು ನಂಬಬೇಡ. ಗ್ರೈಂಡಿಂಗ್ ಪುಡಿ ಮೆತ್ತಿಕೊಂಡರೆ ಕೋನ ತಪ್ಪುತ್ತದೆ. ವೆಲ್ಡ್ ಹಾಕುವ ಜಾಗದ ಪಕ್ಕದಲ್ಲೇ ಮ್ಯಾಗ್ನೆಟ್ ಇದ್ದರೆ ಆರ್ಕ್ ಒಂದು ಕಡೆಗೆ ವಾಲುತ್ತದೆ. ಟ್ಯಾಕ್ ಹಾಕುವ ತನಕ ಅದನ್ನು ಇಟ್ಟುಕೋ, ಪೂರ್ತಿ ವೆಲ್ಡಿಗೆ ಮುಂಚೆ ತೆಗೆದುಬಿಡು.

ಕೋನ ಹೇಳಬೇಕಾದದ್ದು ಮೂಲೆಮಟ್ಟ. ಅಳತೆಪಟ್ಟಿಯ ಮೇಲೆ ಜಾರುವ ತಲೆಯಿರುವ ಕಾಂಬಿನೇಷನ್ ಸ್ಕ್ವೇರ್ ಒಳ್ಳೆಯದು; ಅಮೆರಿಕದ ಸ್ಟಾರೆಟ್ ಅದಕ್ಕೆ ಪೇಟೆಂಟ್ ಪಡೆದದ್ದು 1879ರಲ್ಲಿ, ಇವತ್ತಿಗೂ ಅದರ ರೂಪ ಹೆಚ್ಚುಕಡಿಮೆ ಅದೇ. ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡು. ನೇರ ಅಂಚಿನ ಹಲಗೆಗೆ ತಾಗಿಸಿ ಒಂದು ಗೆರೆ ಎಳೆ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಎಳೆ. ಎರಡೂ ಒಂದಾದರೆ ಸಾಮಾನು ಸರಿ. ಕವಲೊಡೆದರೆ ನಿಜವಾದ ತಪ್ಪು ಕಂಡದ್ದರ ಅರ್ಧದಷ್ಟಿದೆ ಎಂದು ತಿಳಿ. ದೊಡ್ಡ ಗೇಟಿನ ಚೌಕಟ್ಟಿಗೆ ಮಾತ್ರ ಮೂಲೆಮಟ್ಟ ಸಾಲುವುದಿಲ್ಲ. ಅಲ್ಲಿ ಟೇಪ್ ಹಿಡಿದು ಎರಡೂ ಕರ್ಣ ಅಳೆ. ಎಂಟಡಿ ಅಗಲ, ಆರಡಿ ಎತ್ತರದ ಚೌಕಟ್ಟಾದರೆ ಎರಡೂ ಕಡೆ ಸರಿಯಾಗಿ ಹತ್ತಡಿ ಬರಬೇಕು.

ಹಾಗೆ ಬಂದಮೇಲೂ ಕ್ಲ್ಯಾಂಪ್ ಬಿಚ್ಚಬೇಡ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ತನ್ನ ಕಡೆಗೆ ಎಳೆಯುತ್ತದೆ. ಒಂದೇ ಮೂಲೆಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದರೆ ಚೌಕಟ್ಟು ತಿರುಚಿಕೊಂಡಂತೆಯೇ. ನಾಲ್ಕೂ ಕಡೆ ಟ್ಯಾಕ್, ಮತ್ತೆ ಕರ್ಣ ನೋಡು, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಓಡಿಸು. ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆ ಬಿಚ್ಚು.

ಮೆಷಿನ್ ವಿಷಯಕ್ಕೆ ಬಂದರೆ, ಆ ದೊಡ್ಡ ಟ್ರಾನ್ಸ್‌ಫಾರ್ಮರ್ ನಿನಗೆ ಬೇಡ. 200 ಆಂಪಿಯರ್‌ನ ಒಳ್ಳೆಯ ಇನ್ವರ್ಟರ್ ಸಾಕು. 3.15 ಮಿ.ಮೀ.ನ 6013 ರಾಡಿಗೆ ಬೇಕಾಗುವುದು 90ರಿಂದ 130 ಆಂಪಿಯರ್, ಅಷ್ಟೇ. ಹೆಗಲಿಗೆ ಹಾಕಿಕೊಂಡು ತೋಟಕ್ಕೂ ಹೋಗಬಹುದು. ಆದರೆ ಅರ್ಥಿಂಗ್ ಕ್ಲ್ಯಾಂಪಿನಲ್ಲಿ ಉಳಿತಾಯ ಮಾಡಬೇಡ. ಕೇಬಲ್ಲಿನ ತುದಿಗೆ ಒಂದು ಕಬ್ಬಿಣದ ತುಂಡು ಕಟ್ಟಿ ಕೆಲಸದ ಮೇಲೆ ಸುಮ್ಮನೆ ಇಡುವ ಪದ್ಧತಿ ಎಲ್ಲ ಶೆಡ್ಡುಗಳಲ್ಲೂ ಇದೆ. ಆರ್ಕ್ ಕೆಮ್ಮುವುದಕ್ಕೆ, ರಾಡ್ ಅಂಟಿಕೊಳ್ಳುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಟ್ರ್ಯಾಕ್ಟರಿನ ಮೇಲೆ ವೆಲ್ಡ್ ಮಾಡುವುದಾದರೆ ಬ್ಯಾಟರಿ ಸಂಪರ್ಕ ಬಿಚ್ಚಿ, ವೆಲ್ಡಿನ ಪಕ್ಕದಲ್ಲೇ ಅರ್ಥಿಂಗ್ ಕಚ್ಚಿಸು. ದೂರ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಹಾಳುಮಾಡಬಹುದು.

ತಾನಾಗಿ ಕಪ್ಪಾಗುವ ಗಾಜಿನ ಹೆಲ್ಮೆಟ್ ದುಬಾರಿ ಅನ್ನಿಸುತ್ತದೆ, ಆದರೂ ತಗೋ. ಕೈಪರದೆ ಹಿಡಿದಿರುವಷ್ಟು ಹೊತ್ತೂ ನಿನ್ನ ಎಡಗೈ ಬೇರೇನೂ ಮಾಡಲಾರದು. ತಲೆಗೆ ಹೆಲ್ಮೆಟ್ ಬಂತೆಂದರೆ ಆ ಕೈ ನಿನ್ನದಾಯಿತು, ಬಲಗೈಗೆ ಆಸರೆ ಕೊಡಬಹುದು, ಪೀಸ್ ಒತ್ತಬಹುದು. ಟ್ಯಾಕ್ ಹಾಕುವಾಗ ಕಣ್ಣು ಮುಚ್ಚಿಕೊಂಡರೆ ಆಯಿತು ಅನ್ನುವ ಅಭ್ಯಾಸವೂ ತಪ್ಪುತ್ತದೆ. ಆರ್ಕ್ ತಾಗಿದ ಕಣ್ಣು ತಕ್ಷಣ ಉರಿಯುವುದಿಲ್ಲ, ರಾತ್ರಿ ಮಲಗಿದಾಗ ಮರಳು ಹಾಕಿದಂತಾಗುತ್ತದೆ. ಆಗ ಅದು ಇದು ಅಂತ ಏನೂ ಹಚ್ಚದೆ ಕಣ್ಣಿನ ಡಾಕ್ಟರ ಹತ್ತಿರ ಹೋಗು.

ಮೆಕ್ಯಾನಿಕ್ ಕೆಲಸಕ್ಕೆ ಹೆಚ್ಚು ಹೇಳುವುದಿಲ್ಲ. ಇಲ್ಲೂ ಮಾತು ಹಿಡಿತದ್ದೇ. ತುಕ್ಕು ಹಿಡಿದ ನಟ್ಟಿಗೆ ಓಪನ್ ಸ್ಪ್ಯಾನರ್ ಹಾಕಬೇಡ, ಅದು ಎರಡೇ ಮುಖ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ಆರೂ ಮುಖ ಹಿಡಿಯುತ್ತದೆ. ಎಣ್ಣೆ ಬಿಟ್ಟು ಕಾಯಿ, ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸು. ಅದಕ್ಕೂ ಬಗ್ಗದಿದ್ದರೆ ಗ್ಯಾಸಿನಿಂದ ನಟ್ಟನ್ನು ಕಾಯಿಸು, ಬೋಲ್ಟನ್ನಲ್ಲ. ಹತ್ತಿರದಲ್ಲಿ ರಬ್ಬರ್ ಪೈಪು, ಡೀಸೆಲ್ ಲೈನು ಇಲ್ಲವೆಂದು ನೋಡಿಕೊಂಡು. ಚಕ್ರದ ನಟ್ಟುಗಳನ್ನು ಮಾತ್ರ ಟಾರ್ಕ್ ರೆಂಚಿನಲ್ಲೇ ಮುಗಿಸು, ಎಷ್ಟು ಬಿಗಿಯಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಟ್ಯಾಪ್ ಹಾಕುವ ಮುಂಚಿನ ಡ್ರಿಲ್ ಅಳತೆಗಳನ್ನು ಗೋಡೆಯ ಮೇಲೆ ಬಣ್ಣದಲ್ಲೇ ಬರೆಸಿಬಿಡು: ಎಂ6ಕ್ಕೆ 5 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2. ಎಂ8ಕ್ಕೆ 6.5ರ ಡ್ರಿಲ್ ಹಾಕಿ ಟ್ಯಾಪ್ ಮುರಿದುಕೊಂಡವರು ಬಹಳ ಮಂದಿ.

ಕೊನೆಯದಾಗಿ ಗ್ರೈಂಡರ್. ಸಾಮಾನು ವೈಸಿನಲ್ಲೋ ಕ್ಲ್ಯಾಂಪಿನಲ್ಲೋ ಇದ್ದರೆ ನಿನ್ನ ಎರಡೂ ಕೈ ಮೆಷಿನ್ನಿನ ಮೇಲಿರುತ್ತವೆ. ಹಾಗಿರಲಿ ಎಂದೇ ಪಕ್ಕದ ಹಿಡಿಕೆ ಕೊಟ್ಟಿರುವುದು, ಅದನ್ನು ಬಿಚ್ಚಿ ಮೂಲೆಗೆ ಎಸೆಯಬೇಡ. ದೊಡ್ಡ ಡಿಸ್ಕ್ ಕೂರಿಸಲೆಂದು ಗಾರ್ಡ್ ಬಿಚ್ಚುವವರ ಮಾತು ಕೇಳಲೇಬೇಡ. ನಾಲ್ಕಿಂಚಿನ ಮೆಷಿನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಏಳಿಂಚಿನ ಡಿಸ್ಕ್ ತಡೆಯುವುದು ಸುಮಾರು 8,500. ಅದು ಒಡೆದರೆ ಚೂರುಗಳು ಬರುವುದು ನಿನ್ನ ಮುಖಕ್ಕೇ. ಡಿಸ್ಕ್ ಕೊಳ್ಳುವಾಗ ನಡುವಿನ ಲೋಹದ ಉಂಗುರ ನೋಡು, ಒಳ್ಳೆಯ ಕಂಪನಿಯದಾದರೆ ಎಲ್ಲಿಯವರೆಗೆ ಬಳಸಬಹುದೆಂದು ಅದರ ಮೇಲೆ ವರ್ಷ ಒತ್ತಿರುತ್ತಾರೆ. ಅವಧಿ ದಾಟಿದ್ದರೆ ಅಂಗಡಿಯವನು ಅರ್ಧ ಬೆಲೆಗೆ ಕೊಟ್ಟರೂ ತಗೋಬೇಡ.