ಹೊಳೆಯುವ ಹತ್ತರಿ ಕೊಂಡು ಕೆಟ್ಟೆ

ನಾನು ಕೊಂಡ ಮೊದಲ ಹಳೇ ಹತ್ತರಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಲಸಕ್ಕೆಂದು ಕನೆಕ್ಟಿಕಟ್‌ಗೆ ಬಂದ ಹೊಸತು. ಪಕ್ಕದ ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಎಂಬ ಸಣ್ಣ ಊರಲ್ಲಿ ಮೇ, ಜುಲೈ, ಸೆಪ್ಟೆಂಬರಿನಲ್ಲಿ ಹಳೇ ಸಾಮಾನಿನ ದೊಡ್ಡ ಸಂತೆ ನೆರೆಯುತ್ತದೆ. ಅಲ್ಲಿ ಸಿಕ್ಕಿದ್ದು ಸ್ಟ್ಯಾನ್ಲಿ ಕಂಪನಿಯ 5ನೇ ನಂಬರು, 14 ಇಂಚಿನದು. ಚೌಕಾಸಿ ಮಾಡಿ ಗೆದ್ದೆನೆಂಬ ಬೀಗು ಬೇರೆ.

ಮನೆಗೆ ತಂದು ಅಲಗು ಕಳಚಿದೆ. ಅಲಗು ಕೂರುವ ಪೀಠಕ್ಕೆ ಇಲ್ಲಿಯವರು ಕಪ್ಪೆ ಎನ್ನುತ್ತಾರೆ; ಅದನ್ನೂ ಬಿಚ್ಚಿ ಟಾರ್ಚ್ ಹಿಡಿದೆ. ಬಾಯಿಯ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಪಕ್ಕೆಯವರೆಗೂ ಹೋಗಿತ್ತು. ಮೇಲೆ ಹೊಸದಾಗಿ ಬಳಿದ ಕಪ್ಪು ಬಣ್ಣ. ಬೀಡುಕಬ್ಬಿಣ ತಾನೆ, ಯಾವಾಗಲೋ ಯಾರ ಕೈಯಿಂದಲೋ ಜಾರಿರಬೇಕು. ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹತ್ತರಿ ಠಣ್ಣೆನ್ನುತ್ತದೆ. ನನ್ನದು ಒಡೆದ ಮಡಕೆಯ ದನಿ ಕೊಟ್ಟಿತು. ಈಗ ಅದು ಬಾಗಿಲಿಗೆ ಅಡ್ಡ ಇಡುವ ತೂಕ.

ಅಂದಿನಿಂದ ಕೊಳೆ ಹಿಡಿದದ್ದನ್ನೇ ಹುಡುಕುತ್ತೇನೆ. ಸ್ಟ್ಯಾನ್ಲಿಯ ಈ ಹಳೇ ಹತ್ತರಿಗಳು ತಯಾರಾಗುತ್ತಿದ್ದದ್ದು ನಾನಿರುವ ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನಲ್ಲಿ. ಹತ್ತರಿ ತಯಾರಕ ಲಿಯೊನಾರ್ಡ್ ಬೈಲಿಯ ವ್ಯವಹಾರವನ್ನು ಪೇಟೆಂಟ್ ಸಮೇತ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಊರಲ್ಲಿ ನಮ್ಮ ಆಚಾರ್ರು ಒಂದು ಕಣ್ಣು ಮುಚ್ಚಿ, ಅಲಗಿಗೂ ಬೆಣೆಗೂ ಟಕ್ ಟಕ್ ಎಂದು ತಟ್ಟಿ ಹದಮಾಡುತ್ತಿದ್ದುದನ್ನು ಬೈಲಿಯ ಹಿತ್ತಾಳೆ ತಿರುಪು ಮಾಡುತ್ತದೆ. ಕಪ್ಪೆಯ ಹಿಂದೆ ಎರಕದಲ್ಲೇ ಮೂರು ಪೇಟೆಂಟ್ ತಾರೀಖುಗಳಿದ್ದು, ಕೊನೆಯದು 1910ರದಾದರೆ, ಆ ಮೈ ಸುಮಾರು 1910ರಿಂದ 1918ರೊಳಗಿನದು. ಮೈ ಎಂದೆ, ಏಕೆಂದರೆ ಅಲಗು ಇನ್ನೊಂದು ಕಾಲದ್ದು, ಹಿಡಿ ಮತ್ತೊಂದರದ್ದು ಆಗಿರುವ ಕಲಬೆರಕೆ ಬೇಕಾದಷ್ಟಿದೆ. ಕೆಲಸಕ್ಕೇನೂ ಅಡ್ಡಿಯಿಲ್ಲ, ಬೆಲೆ ಮಾತ್ರ ಇಳಿಯುತ್ತದೆ.

ಇಷ್ಟು ತಿಳಿದ ಮೇಲೂ ಒಂದನ್ನು ನಾನೇ ಕೆಡಿಸಿದೆ. ಮೂರು ತಾರೀಖಿನ 4ನೇ ನಂಬರು, ಎಲ್ಲ ಭಾಗವೂ ಒಂದೇ ಕಾಲದ್ದು, ತುಕ್ಕು ಮಾತ್ರ ಮೇಲುಮೇಲಿನದು. ತಾಳ್ಮೆಗೆಟ್ಟು ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿದೆ. ತುಕ್ಕಿನ ಜೊತೆಗೇ ಮೂಲದ ಕಪ್ಪು ಲೇಪವೂ ಎದ್ದುಬಂತು. ಹಿಡಿ ನಮ್ಮ ಬೀಟೆಯ ದಾಯಾದಿ, ಬ್ರೆಜಿಲಿನ ರೋಸ್‌ವುಡ್. ಯಾವನೋ ಬಡಗಿಯ ಅಂಗೈ ಅದಕ್ಕೆ ಕೊಟ್ಟಿದ್ದ ಮಿರುಗನ್ನು ಅರ್ಧ ಗಂಟೆಯಲ್ಲಿ ಉಜ್ಜಿ ತೆಗೆದೆ. ಹಳೇ ಸಂಗ್ರಾಹಕರೊಬ್ಬರಿಗೆ ತೋರಿಸಿದರೆ, "ಚೆನ್ನಾಗಿ ತೊಳೆದಿದ್ದೀರಿ" ಎಂದು ವಾಪಸು ಕೊಟ್ಟರು.

ಐದೂವರೆ ಇಂಚಿನ 1ನೇ ನಂಬರಿನ ಆಸೆ ಇನ್ನೂ ಬಿಟ್ಟಿಲ್ಲ. ಬೆಲೆ ಸಾವಿರ ಡಾಲರ್ ದಾಟುತ್ತದೆ, ಅದಕ್ಕೇ ನಕಲಿಗಳೂ ಓಡಾಡುತ್ತವೆ. "ಅಷ್ಟು ಪುಟ್ಟದರಲ್ಲಿ ಏನು ಕೀಸ್ತೀರಿ?" ಎನ್ನುತ್ತಾಳೆ ಹೆಂಡತಿ. ನನ್ನಲ್ಲಿ ಉತ್ತರವಿಲ್ಲ.

ನಿಮ್ಮ ಊರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಹತ್ತರಿಯಿದ್ದರೆ ದಯವಿಟ್ಟು ಉಪ್ಪುಕಾಗದ ಹಿಡಿದು ಕೂರಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಅಲಗಿಗೆ ನಾಲ್ಕು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿ, ಥಂಡಿಯಿಲ್ಲದ ಕಡೆ ಇಡಿ.