ಬಾಣಂತನ ಮುಗಿದ ಮೇಲಿನ ಮನೆ

ಮಗುವಾದ ಮೇಲೆ ಜೀವನವೇ ಬದಲಾಗುತ್ತದೆ ಅನ್ನುವ ಮಾತನ್ನು ಮದುವೆಯಾದ ಪ್ರತಿಯೊಬ್ಬರೂ ಕೇಳಿರುತ್ತಾರೆ. ಯಾರ ಜೀವನ, ಯಾವತ್ತಿನಿಂದ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಮೊದಲ ಹೆರಿಗೆ ಸಾಮಾನ್ಯವಾಗಿ ತವರಿನದು. ಸೀಮಂತ ಮುಗಿಸಿಕೊಂಡು ಹೊರಟ ಹೆಣ್ಣುಮಗಳು ವಾಪಸು ಬರುವುದು ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ. ಅಷ್ಟರಲ್ಲಿ ಅವಳ ಹಗಲು ರಾತ್ರಿಗಳೆಲ್ಲ ತಲೆಕೆಳಗಾಗಿರುತ್ತವೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಉಳಿದ ಗಂಡನ ದಿನಚರಿ ಮಾತ್ರ ಇದ್ದ ಹಾಗೇ ಇರುತ್ತದೆ, ಶನಿವಾರ ಹಾಸನಕ್ಕೋ ಶಿವಮೊಗ್ಗಕ್ಕೋ ಬಸ್ಸು ಹತ್ತುವುದೊಂದು ಹೆಚ್ಚು. ಮಗು ಸಾಕಿದ ವರ್ಷಗಳು ನನಗೆ ಮನವರಿಕೆ ಮಾಡಿಕೊಟ್ಟಿದ್ದು ಒಂದೇ ವಿಷಯ: ಮುಂದಿನ ನಾಲ್ಕೈದು ವರ್ಷ ಮಗುವಿನ ಕೆಲಸ ಯಾರ ಕೊರಳಿಗೆ ಬೀಳುತ್ತದೆ ಅನ್ನುವುದು ಈ ಅಗಲಿಕೆಯ ತಿಂಗಳುಗಳಲ್ಲೇ ತೀರ್ಮಾನವಾಗಿಬಿಡುತ್ತದೆ, ಅದೂ ಯಾರ ಗಮನಕ್ಕೂ ಬರದ ಹಾಗೆ.

ಬಾಣಂತನ ಅಂದರೆ ವಿಶ್ರಾಂತಿ, ಪಥ್ಯ, ಬಿಸಿನೀರು ಅಂದುಕೊಳ್ಳುತ್ತೇವೆ. ಅದು ಒಂದು ಪಾಠಶಾಲೆಯೂ ಹೌದು. ಕೂಸಿಗೆ ನೀರು ಹಾಕುವುದನ್ನೇ ತಗೊಳ್ಳಿ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡು, ನೆತ್ತಿಗೆ ಎಣ್ಣೆ ತಟ್ಟಿ, ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ, ಬೋರಲು ಹಾಕಿದಾಗ ಮೂಗಿಗೆ ನೀರು ನುಗ್ಗದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ಹೊಯ್ಯಬೇಕು. ಯೂಟ್ಯೂಬ್ ನೋಡಿದರೆ ಇದು ಅರ್ಥವಾಗುತ್ತದೆ, ಕೈಗೆ ಬರುವುದಿಲ್ಲ; ಪಕ್ಕದಲ್ಲಿ ಗದರುವುದಕ್ಕೆ ಒಬ್ಬ ಅಜ್ಜಿ ಇರಬೇಕು. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಪ್ರತಿ ಸಲವೂ ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು. 6, 10, 14ನೇ ವಾರದ ಲಸಿಕೆಗಳೆಲ್ಲ ಮುಗಿಯುವುದೂ ತವರೂರಲ್ಲೇ. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಅಂತ ಕಿವಿಗೆ ಗೊತ್ತಾಗುವುದೂ ಆಗಲೇ. ಈ ಶಾಲೆಗೆ ಅಪ್ಪನ ಹೆಸರನ್ನೇ ಬರೆಸಿರುವುದಿಲ್ಲ. ಹಾಗಾಗಿ ನಾಲ್ಕನೇ ತಿಂಗಳಲ್ಲಿ ಅವನು ಕೂಸನ್ನು ಎತ್ತಿಕೊಂಡರೆ ಅದು ಕಿರುಚುತ್ತದೆ, ‘ಕೊಡಿ ಇಲ್ಲಿ’ ಅನ್ನುವ ಮಾತು ಒಳಗಿಂದ ಬರುತ್ತದೆ, ಅವನು ಕೊಡುತ್ತಾನೆ. ಇಬ್ಬರಿಗೂ ಆ ಹೊತ್ತಿಗೆ ಅದೇ ಸಲೀಸು. ನಾಲ್ಕು ದಿನ ಹೀಗೇ ನಡೆದರೆ ಅದೇ ಮನೆಯ ವ್ಯವಸ್ಥೆಯಾಗುತ್ತದೆ. ಅಪ್ಪ ಸೋಮಾರಿ ಅನ್ನುವವರಿದ್ದಾರೆ, ಗಂಡಸರ ಸ್ವಭಾವವೇ ಅಷ್ಟು ಅನ್ನುವವರೂ ಇದ್ದಾರೆ. ಎರಡಕ್ಕಿಂತ ರೂಢಿಯ ಕೊರತೆಯೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಶೇ. 21.4ರಷ್ಟು ಮಂದಿ. ತೊಡಗಿದವರು ಅದಕ್ಕೆ ಕೊಟ್ಟ ಸಮಯ ದಿನಕ್ಕೆ 140 ನಿಮಿಷ ಮತ್ತು 74 ನಿಮಿಷ. ಈ ಅಂತರವೂ ನಿಜಕ್ಕಿಂತ ಕಡಿಮೆಯೇ, ಯಾಕೆಂದರೆ ಸಮೀಕ್ಷೆ ಎಣಿಸುವುದು ಮಾಡಿದ ಕೆಲಸವನ್ನು. ಆರು ತಿಂಗಳಾದ ಮಗುವಿಗೆ ರಾಗಿ ಸರಿ ಶುರುವಾಗುತ್ತದೆ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ ಹಿಟ್ಟು ಕೈಗೆ ಬರುವಷ್ಟರಲ್ಲಿ ಮೂರು ನಾಲ್ಕು ದಿನ. ಅಂದರೆ ಡಬ್ಬಿಯ ತಳ ಕಾಣುವ ಮೊದಲೇ ಯಾರಿಗಾದರೂ ಅದು ನೆನಪಾಗಬೇಕು. ಬೀಸಿಕೊಂಡು ಬಂದ ಇಪ್ಪತ್ತು ನಿಮಿಷ ಅಪ್ಪನ ಲೆಕ್ಕಕ್ಕೆ ಸೇರುತ್ತದೆ, ನೆನಪಿಟ್ಟುಕೊಂಡಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಮಕ್ಕಳಾದ ಮೇಲೆ ತಾಯಂದಿರ ತಲೆ ಯಾವಾಗಲೂ ಎಲ್ಲೋ ಇರುತ್ತದೆ ಎಂದು ತಮಾಷೆ ಮಾಡುತ್ತೇವಲ್ಲ, ಅದು ಇಂಥ ಡಬ್ಬಿಗಳ ತಳದಲ್ಲೇ ಇರುತ್ತದೆ.

ಮೊಲೆಹಾಲು ಕೊಡುವವಳು ತಾಯಿಯೇ ತಾನೇ, ಅಪ್ಪ ಅಲ್ಲಿದ್ದು ಮಾಡುವುದೇನು ಎಂದು ಕೇಳಬಹುದು. ಹಾಲೊಂದನ್ನು ಬಿಟ್ಟರೆ ಮೇಲೆ ಹೇಳಿದ ಯಾವ ಕೆಲಸಕ್ಕೂ ದೇಹದ ಅಡ್ಡಿಯಿಲ್ಲ. ಅಜ್ಜಿ ಹಾಲು ಕೊಡುವುದಿಲ್ಲ, ಆದರೂ ಉಳಿದದ್ದೆಲ್ಲ ಅವಳ ಕೈಯಲ್ಲೇ ನಡೆಯುತ್ತದೆ. ಹಾಗಾದರೆ ತವರಿನ ಬಾಣಂತನವೇ ಬೇಡವೇ? ನಾನು ಹಾಗನ್ನುವುದಿಲ್ಲ, ಹೆತ್ತ ಮೈಗೆ ಮೂರು ತಿಂಗಳ ನಿದ್ದೆ ಮತ್ತು ಕೈಗೆ ಬಿಸಿ ತಟ್ಟೆ ಸಿಗುವ ಇಂಥ ಏರ್ಪಾಟು ಎಲ್ಲ ಕಡೆ ಇಲ್ಲ. ಇನ್ನು ಅಜ್ಜಿಯನ್ನೇ ಕರೆಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವ ಜಾಣತನ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಇದು ನಡೆದೇ ಇದೆ. ಸಂದರ್ಶಕ ವೀಸಾದಲ್ಲಿ ಹೋದ ಅಜ್ಜಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಆಮೇಲೆ ಅತ್ತೆಯ ಸರದಿ. ಸರದಿ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಅಪ್ಪನ ಪಾಠ ಮುಂದಕ್ಕೆ ಹೋಗುತ್ತದೆ ಅಷ್ಟೆ. ಇದೆಲ್ಲ ಮಧ್ಯಮ ವರ್ಗದ ಗೋಳು ಅನ್ನುವ ಆಕ್ಷೇಪವನ್ನು ಮಾತ್ರ ನಾನು ಪೂರಾ ಒಪ್ಪುತ್ತೇನೆ. ಯಾದಗಿರಿಯಿಂದ ಬಂದು ಕಟ್ಟಡ ಕೆಲಸ ಮಾಡುವವಳಿಗೆ ಸೀರೆಯ ಜೋಳಿಗೆಯೇ ತೊಟ್ಟಿಲು. ಅವಳಿಗೆ ಬೇಕಾದ್ದು ಹತ್ತಿರದಲ್ಲೊಂದು ಶಿಶುಪಾಲನಾ ಕೇಂದ್ರ. ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ರಾಜ್ಯ ಸರ್ಕಾರ ಶುರುಮಾಡಿದ ‘ಕೂಸಿನ ಮನೆ’ ಆ ದಿಕ್ಕಿನದು. ನಗರದ ಕಟ್ಟಡ ಕೆಲಸದ ಜಾಗಗಳಿಗೂ ಅಂಥದ್ದು ಬೇಕು.

ಕಾನೂನೂ ಈ ರೂಢಿಯನ್ನೇ ಗಟ್ಟಿ ಮಾಡಿದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಖಾಸಗಿ ನೌಕರಿಯ ಅಪ್ಪನಿಗೆ ರಜೆ ಕೊಡಲೇಬೇಕು ಎನ್ನುವ ದೇಶವ್ಯಾಪಿ ಕಾನೂನು ಇಲ್ಲ. ಕೊಡುವುದು ಬಿಡುವುದು ಕಂಪನಿಯ ಮರ್ಜಿ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನವುಂಟು, ಅದನ್ನು ಹೆರಿಗೆಯಾಗಿ ಆರು ತಿಂಗಳೊಳಗೆ ಬಳಸಿಕೊಳ್ಳಬಹುದು. ಹೆಚ್ಚಿನವರು ಅದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನ್ ಎತ್ತುತ್ತಾ, ಪೇಡ ಹಂಚುತ್ತಾ ಕಳೆಯುತ್ತಾರೆ. ಅಲ್ಲಿ ಎರಡು ದಿನ ಸಾಕು. ಉಳಿದ ರಜೆಯನ್ನು ತಾಯಿ ಮಗು ಮನೆಗೆ ಬರುವ ವಾರಕ್ಕೆ ಎತ್ತಿಟ್ಟುಕೊಳ್ಳುವುದು ಲೇಸು. ಅಷ್ಟೂ ದಿನ ನೀರು ಹಾಕುವುದು, ಮಲಗಿಸುವುದು, ಆಮೇಲೆ ಸರಿಹಿಟ್ಟು ಶುರುವಾದಾಗ ಅದರ ಡಬ್ಬಿಯ ನೆನಪು, ಎಲ್ಲ ಅವನದೇ ಆಗಲಿ. ಮಗು ಅತ್ತರೂ ಒಳಗಿನಿಂದ ‘ಕೊಡಿ ಇಲ್ಲಿ’ ಬರಬಾರದು, ಇದು ತಾಯಿಗೆ ಕಷ್ಟ. ಮಗಳ ಜೊತೆಗೇ ಹೊರಟು ಬರುವ ಅತ್ತೆಯವರು ಹದಿನೈದು ದಿನ ತಡವಾಗಿ ಬಂದರೆ ಇನ್ನೂ ಅನುಕೂಲ. ಅದನ್ನು ಅವರ ಮುಂದೆ ಹೇಳುವ ಧೈರ್ಯದ ಅಳಿಯ ಸಿಗಬೇಕಷ್ಟೆ.