ತಾಯಿ ಮೀನು ಏನು ತಿಂದಿತ್ತು? ಸಾಲ್ಮನ್ ಹೇಳಿಕೊಟ್ಟ ಪಾಠ

ನಾಲ್ಕು ವರ್ಷದ ಹಿಂದೆ ನಮ್ಮ ಕೃಷಿ ಹೊಂಡದ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ ಕೊರಮೀನು ಮರಿ ಮಾಡಿಸಿದ್ದೆ. ತಾಯಿ ಮೀನುಗಳು ದಷ್ಟಪುಷ್ಟವಾಗಿದ್ದವು. ಮೊಟ್ಟೆ ಚೆನ್ನಾಗಿ ಬಿತ್ತು, ಒಡೆದೂ ಆಯ್ತು. ಆದರೆ ನಾಲ್ಕೈದು ದಿನದಲ್ಲಿ ಮರಿಗಳು ಸಾಯೋಕೆ ಶುರುವಾದವು. ನೀರನ್ನ ಬೈದೆ, ಬಿಸಿಲನ್ನ ಬೈದೆ, ಎರಡು ಸಲ ನೀರು ಬದಲಾಯಿಸಿದೆ. ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳಲಿಲ್ಲ: ಆರು ತಿಂಗಳಿಂದ ಈ ತಾಯಿ ಮೀನುಗಳಿಗೆ ನಾನು ಹಾಕಿದ್ದೇನು?

ಆ ಪ್ರಶ್ನೆ ಹೊಳೆದದ್ದು ಆಮೇಲೆ, ಅಮೆರಿಕದ ಸಾಲ್ಮನ್ ಮೀನಿನ ಬಗ್ಗೆ ಓದುವಾಗ. ಸಾಲ್ಮನ್ ನಮ್ಮ ನೀರಿನ ಮೀನಲ್ಲ, ಅದಕ್ಕೆ ತಣ್ಣನೆ ನೀರು ಬೇಕು. ಆದರೂ ಅದರ ಕಥೆ ಮೀನು ಸಾಕುವ ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ. ಅದಕ್ಕೇ ಈ ವಾರ ಬರೀತಿದ್ದೀನಿ.

ಕಳೆದುಹೋದ ಮೀನನ್ನ ವಾಪಸ್ ತಂದರು

ಅಮೆರಿಕ ಮತ್ತು ಕೆನಡಾ ಗಡಿಯಲ್ಲಿ ಒಂಟಾರಿಯೊ, ಷಾಂಪ್ಲೇನ್ ಅಂತ ದೊಡ್ಡ ಸರೋವರಗಳಿವೆ. ಒಂದು ಕಾಲಕ್ಕೆ ಇಲ್ಲಿ ಅಟ್ಲಾಂಟಿಕ್ ಸಾಲ್ಮನ್ ಹೇರಳವಾಗಿತ್ತು. ಈ ಮೀನು ಸರೋವರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ಹೊಳೆ ಹತ್ತುತ್ತೆ. ಗಿರಣಿಗಳಿಗೆ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದರು, ಕಾಡು ಕಡಿದರು, ಮಿತಿಯಿಲ್ಲದೆ ಹಿಡಿದರು. ಷಾಂಪ್ಲೇನ್‌ನಲ್ಲಿ 1800ರ ದಶಕದ ಮಧ್ಯಕ್ಕೇ ಸಾಲ್ಮನ್ ಕಾಣೆಯಾಯ್ತು. 1900ರ ಹೊತ್ತಿಗೆ ಒಂಟಾರಿಯೊದಲ್ಲೂ ಮುಗಿಯಿತು.

ಆಮೇಲೆ ಹ್ಯಾಚರಿಗಳಲ್ಲಿ ಮರಿ ಮಾಡಿ ಸರೋವರಕ್ಕೆ ಬಿಡೋಕೆ ಶುರು ಮಾಡಿದರು. ಬಿಟ್ಟ ಮೀನು ಬೆಳೆದವು, ಕೊಬ್ಬಿದವು, ಹೊಳೆಯನ್ನೂ ಹತ್ತಿದವು. ಆದರೆ ಅವುಗಳ ಮರಿ ಮಾತ್ರ ಉಳಿಯಲಿಲ್ಲ. ಹೊಳೆಗಳ ಕಟ್ಟೆ ಒಂದು ಕಾರಣ. ಇನ್ನೊಂದು ಕಾರಣ ತಾಯಿ ಮೀನಿನ ಹೊಟ್ಟೆಯಲ್ಲೇ ಇತ್ತು.

ಹೊಟ್ಟೆ ತುಂಬಿತ್ತು, ಆದರೂ ಕೊರತೆ

ಈ ಸರೋವರಗಳಲ್ಲಿ ಸಾಲ್ಮನ್‌ಗೆ ಸುಲಭವಾಗಿ ಸಿಗುವ ಆಹಾರ ಏಲ್‌ವೈಫ್ ಅನ್ನೋ ಬೆಳ್ಳಿ ಬಣ್ಣದ ಸಣ್ಣ ಮೀನು. ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ ಅನ್ನಬಹುದು. ಷಾಂಪ್ಲೇನ್‌ನಲ್ಲಿ ಇದು ಮೊದಲು ಕಂಡದ್ದು 2003ರಲ್ಲಿ. ತಿನ್ನೋಕೆ ಇದು ಒಳ್ಳೆ ಮೀನೇ, ಕೊಬ್ಬೂ ಇದೆ. ಆದರೆ ಇದರ ಮೈಯಲ್ಲಿ ಥಯಮಿನೇಸ್ ಅನ್ನೋ ಒಂದು ಕಿಣ್ವ ಇದೆ. ಅದರ ಕೆಲಸ ಥಯಮಿನ್, ಅಂದರೆ ಬಿ1 ಜೀವಸತ್ವವನ್ನ ಒಡೆದು ಹಾಕೋದು.

ತಿಂದದ್ದನ್ನ ಶಕ್ತಿಯಾಗಿ ಬದಲಾಯಿಸೋಕೆ, ನರಗಳು ಸರಿಯಾಗಿ ಕೆಲಸ ಮಾಡೋಕೆ ಥಯಮಿನ್ ಬೇಕೇ ಬೇಕು. ಒಲೆಯಲ್ಲಿ ಸೌದೆ ತುಂಬಿದೆ, ಬೆಂಕಿಪೊಟ್ಟಣ ಮಾತ್ರ ಇಲ್ಲ ಅನ್ನೋ ಹಾಗೆ ಆಗುತ್ತೆ ಪರಿಸ್ಥಿತಿ. ಎಷ್ಟೋ ಸಲ ತಾಯಿ ಮೀನು ಇದನ್ನ ತಡೆದುಕೊಳ್ಳುತ್ತೆ, ನೋಡೋಕೂ ಆರೋಗ್ಯವಾಗೇ ಇರುತ್ತೆ. ಪೆಟ್ಟು ಬೀಳೋದು ಮರಿಗೆ.

ಯಾಕೆ ಅಂದ್ರೆ, ಮೊಟ್ಟೆಯಿಂದ ಹೊರಬಂದ ಸಾಲ್ಮನ್ ಮರಿ ಮೊದಲ ಕೆಲವು ವಾರ ಏನೂ ತಿನ್ನಲ್ಲ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿಯೇ ಅದರ ಊಟ. ಆ ಬುತ್ತಿಯಲ್ಲಿ ಥಯಮಿನ್ ಇಲ್ಲದಿದ್ದರೆ ಮರಿ ತೋಲ ತಪ್ಪುತ್ತೆ, ಗಿರಗಿರ ಸುತ್ತುತ್ತೆ, ತಳದಲ್ಲಿ ಬಿದ್ದು ಸಾಯುತ್ತೆ. ಸಾಲ್ಮನ್ ತಾಯಿ ಹೊಳೆ ಹತ್ತುವಾಗ ಊಟವನ್ನೇ ಬಿಟ್ಟಿರುತ್ತೆ. ಹಾಗಾಗಿ ಮೊಟ್ಟೆಗೆ ಸೇರೋದು ತಿಂಗಳುಗಳ ಹಿಂದೆ ತಿಂದದ್ದರ ಸಾರ. ಕೊನೇ ವಾರ ಚೆನ್ನಾಗಿ ನೋಡಿಕೊಂಡರೆ ಸಾಲದು.

ನ್ಯೂಯಾರ್ಕ್ ರಾಜ್ಯದ ಕೆಯೂಗಾ ಸರೋವರದ ಸಾಲ್ಮನ್ ಮೊಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲಾ ಮರಿಗಳೂ ಸಾಯ್ತಿದ್ದವು. ಅದಕ್ಕೆ ‘ಕೆಯೂಗಾ ಸಿಂಡ್ರೋಮ್’ ಅಂತಲೇ ಹೆಸರು ಬಂತು. 1990ರ ದಶಕದಲ್ಲಿ ಆ ಮರಿಗಳಿಗೆ ಥಯಮಿನ್ ಕೊಟ್ಟು ನೋಡಿದರು. ಬದುಕಿದವು! ಕಾರಣ ಅಲ್ಲಿ ಖಚಿತವಾಯ್ತು. 2020ರಲ್ಲಿ ಕ್ಯಾಲಿಫೋರ್ನಿಯಾದ ಹ್ಯಾಚರಿಗಳಲ್ಲೂ ಸಾಲ್ಮನ್ ಮರಿಗಳು ಹೀಗೇ ಸುತ್ತುತ್ತಾ ಸತ್ತವು. ಅಲ್ಲಿನ ತಾಯಿ ಮೀನುಗಳು ಸಮುದ್ರದಲ್ಲಿ ಆಂಚವಿ ಅನ್ನೋ ಒಂದೇ ಮೀನನ್ನ ಜಾಸ್ತಿ ತಿಂದಿದ್ದವು.

ಪರಿಹಾರ ಏನು?

ಹ್ಯಾಚರಿಯಲ್ಲಿ ದಾರಿ ಸುಲಭ. ಮೊಟ್ಟೆಯನ್ನ ಥಯಮಿನ್ ಕಲಸಿದ ನೀರಲ್ಲಿ ನೆನೆಸ್ತಾರೆ, ಇಲ್ಲವೇ ತಾಯಿ ಮೀನಿಗೆ ಇಂಜೆಕ್ಷನ್ ಕೊಡ್ತಾರೆ. ಆದರೆ ಹೊಳೆಯ ಜಲ್ಲಿಕಲ್ಲುಗಳಲ್ಲಿ ಮೊಟ್ಟೆ ಇಡುವ ಮೀನಿನ ಹಿಂದೆ ಯಾರು ಔಷಧಿ ಹಿಡಿದು ಓಡಬೇಕು? ಮೀನು ತಾನೇ ಸಂತಾನ ಬೆಳೆಸಬೇಕು ಅಂದ್ರೆ ಅದರ ಊಟ ಬದಲಾಗಬೇಕು.

ಹ್ಯೂರಾನ್ ಸರೋವರದಲ್ಲಿ ಹಾಗೇ ಆಯ್ತು. 2003–04ರ ಸುಮಾರಿಗೆ ಅಲ್ಲಿ ಏಲ್‌ವೈಫ್ ಸಂಖ್ಯೆ ಕುಸಿಯಿತು. ಸಾಲ್ಮನ್ ಕುಟುಂಬದ್ದೇ ಆದ ಲೇಕ್ ಟ್ರೌಟ್ ಮೀನಿನ ಮರಿಗಳು ಆಮೇಲೆ ಸರೋವರದಲ್ಲಿ ತಾವಾಗೇ ಉಳಿಯತೊಡಗಿದವು. ಆದರೆ ಏಲ್‌ವೈಫ್ ನಂಬಿಕೊಂಡಿದ್ದ ಚಿನೂಕ್ ಸಾಲ್ಮನ್ ಅದೇ ಸರೋವರದಲ್ಲಿ ಊಟವಿಲ್ಲದೆ ಸೊರಗಿತು. ಒಂದೇ ಆಹಾರಕ್ಕೆ ಜೋತುಬಿದ್ದರೆ ಎರಡೂ ಕಡೆಯಿಂದ ಅಪಾಯ.

ಷಾಂಪ್ಲೇನ್‌ನಿಂದಲೂ ಒಳ್ಳೆ ಸುದ್ದಿ ಇದೆ. ಅದಕ್ಕೆ ಸೇರುವ ಬೊಕೆಟ್ ಹೊಳೆಯ ಹಳೇ ಕಟ್ಟೆಯನ್ನ 2015ರಲ್ಲಿ ತೆಗೆದರು. ಮರುವರ್ಷವೇ ಹೊಳೆಯಲ್ಲಿ ಹುಟ್ಟಿದ ಸಾಲ್ಮನ್ ಮರಿಗಳು ಕಂಡವು. ಕೆಲವು ತಾಯಂದಿರ ಮರಿಗಳು ಕಡಿಮೆ ಥಯಮಿನ್‌ನಲ್ಲೂ ಬದುಕ್ತವೆ ಅಂತ ಪರೀಕ್ಷೆಗಳಲ್ಲಿ ಗೊತ್ತಾಗಿದೆ.

ನಮಗೆ ಇದರಿಂದ ಏನು?

ನನ್ನ ತೊಟ್ಟಿಗೆ ವಾಪಸ್ ಬರ್ತೀನಿ. ಕೊರಮೀನು ಮಾಂಸಾಹಾರಿ. ಕೆರೆಯಿಂದ ಕಮ್ಮಿ ರೇಟಿಗೆ ಸಿಗುವ ಸಣ್ಣ ಗೆಂಡೆ ಮೀನು ತಂದು ಫ್ರೀಜರ್‌ನಲ್ಲಿ ಇಟ್ಟು, ದಿನಾ ಹಸಿಯಾಗೇ ಹಾಕ್ತಿದ್ದೆ. ಹಸಿ ಗೆಂಡೆಯಲ್ಲೂ ಥಯಮಿನೇಸ್ ಇರುತ್ತೆ. 1930ರ ದಶಕದಲ್ಲಿ ಅಮೆರಿಕದ ನರಿ ಫಾರಂನಲ್ಲಿ ಹಸಿ ಮೀನು ತಿಂದ ನರಿಗಳಿಗೆ ಲಕ್ವ ಹೊಡೆದದ್ದು ಇದರಿಂದಲೇ. ನನ್ನ ಮರಿಗಳು ಸತ್ತದ್ದೂ ಇದರಿಂದಲೇ ಅಂತ ನಾನು ಹೇಳಲ್ಲ, ಯಾಕೆಂದರೆ ಒಂದು ಮರಿಯನ್ನೂ ಪರೀಕ್ಷೆಗೆ ಕಳಿಸದೆ ಎಲ್ಲಾ ಹೂತುಬಿಟ್ಟೆ. ಅದು ನನ್ನ ದೊಡ್ಡ ತಪ್ಪು.

ಈಗ ನಾನು ಪಾಲಿಸೋದು ಇಷ್ಟು:

1. ತಾಯಿ ಮೀನಿಗೆ ಒಂದೇ ಜಾತಿಯ ಹಸಿ ಮೀನನ್ನ ತಿಂಗಳುಗಟ್ಟಲೆ ಹಾಕಲ್ಲ. ಬದಲಾಯಿಸ್ತಾ ಇರ್ತೀನಿ.
2. ಸಣ್ಣ ಮೀನನ್ನ ಬೇಯಿಸಿ ಹಾಕ್ತೀನಿ. ಬಿಸಿಗೆ ಥಯಮಿನೇಸ್ ಸಾಯುತ್ತೆ, ಫ್ರೀಜರ್‌ನಲ್ಲಿ ಇಟ್ಟರೆ ಸಾಯಲ್ಲ.
3. ಅಕ್ಕಿ ತೌಡಿನಲ್ಲಿ ಬಿ1 ಚೆನ್ನಾಗಿದೆ. ಆದರೆ ತೌಡನ್ನ ಹಸಿ ಮೀನಿನ ಜೊತೆ ಕಲಸಿ ಇಟ್ಟರೆ ಆ ಬಿ1 ಕೂಡ ಹಾಳಾಗುತ್ತೆ. ಮೀನು ಬೇಯಿಸಿ, ಆರಿಸಿ, ಆಮೇಲೆ ಕಲಸಿ.
4. ಮರಿ ಮಾಡಿಸುವ ತಿಂಗಳುಗಳ ಮೊದಲೇ ತಾಯಿ ಮೀನಿನ ಊಟ ಸರಿಮಾಡ್ತೀನಿ. ದಿನಾ ಏನು ಹಾಕಿದೆ ಅಂತ ಮೊಬೈಲ್‌ನಲ್ಲೇ ಬರೆದಿಡ್ತೀನಿ.
5. ಮರಿ ಸತ್ತರೆ ಮೊದಲು ನೀರು, ಆಮ್ಲಜನಕ ನೋಡಿ. ವಿಡಿಯೊ ಮಾಡಿಕೊಳ್ಳಿ. ಮರಿ ಕೆಡುವ ಮೊದಲೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನ ಕೇಳಿ ಪರೀಕ್ಷೆಗೆ ಕಳಿಸಿ. ಊಟದ ಪಟ್ಟಿಯನ್ನೂ ಜೊತೆಗೆ ಕೊಡಿ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ ನಮ್ಮಲ್ಲಿ. ಮೀನಿಗೂ ಆ ಮಾತು ಸಲ್ಲುತ್ತೆ. ಈ ಸಲ ಮರಿ ಮಾಡಿಸುವವರು ಇವತ್ತೇ ಒಮ್ಮೆ ನೋಡಿ, ನಿಮ್ಮ ತಾಯಿ ಮೀನು ಏನು ತಿಂತಿದೆ?